ಒಣ ನದಿಯಲ್ಲಿ ಜಮಖಾನ ಹಾಸಿದ್ದು

ನದಿಯೇ ಇಲ್ಲದ ದೇಶಕ್ಕೆ ನದಿಗಳನ್ನು ನೋಡಲು ಹೊರಟಿದ್ದೇನೆ ಎಂದಾಗ, ಸರ್ಜಾಪುರದ ಆಚೆಗಿರುವ ನಮ್ಮ ಬಡಾವಣೆಯಲ್ಲಿ ನಗದವರಿರಲಿಲ್ಲ. ನಗಲಿ ಎಂದುಕೊಂಡೆ. ಒಮಾನಿನ ನಿಜ್ವಾ ಎಂಬ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯದ ಕೆಲಸದಲ್ಲಿರುವ ನನ್ನ ತಂಗಿ ಭಾರತಿ ಆರು ವರ್ಷಗಳಿಂದ ಕರೆಯುತ್ತಿದ್ದಳು. ಪ್ರೌಢಶಾಲೆಯಿಂದ ಸ್ವಯಂನಿವೃತ್ತಿ ಪಡೆದ ಮೇಲೆ ನನ್ನ ಬಳಿ ನೆಪಗಳು ಉಳಿದಿರಲಿಲ್ಲ. ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದವಳು ನಾನು. ‘ಮರುಭೂಮಿಯಲ್ಲಿ ನದಿಗಳಿರುವುದಿಲ್ಲ’ ಎಂಬ ವಾಕ್ಯವನ್ನು ಎಷ್ಟು ತರಗತಿಗಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ.

ಹೊರಡುವ ಹಿಂದಿನ ದಿನ ಮಂಜುನಾಥ ಮನೆಗೆ ಬಂದ. ಈತ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಮೂಲ ಊರಿನ ಒಕ್ಕಲು ಮನೆತನದವನು. ಈಗ ಎರಡು ಕಟ್ಟಡಗಳ ಮಾಲೀಕ. ನನ್ನ ಹಳೆಯ ವಿದ್ಯಾರ್ಥಿಯೂ ಹೌದು. ನಲವತ್ತು ದಾಟಿದ್ದರೂ ನನ್ನ ಮುಂದೆ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

“ಮಿಸ್, ಒಂದ್ ಲೆಟರ್ ಬರ್ಕೊಡ್ಬೇಕು. ನಾವ್ ಬರೆದ್ರೆ ಆಫೀಸ್ನಲ್ಲಿ ಮೂಸಿನೂ ನೋಡಲ್ಲ.”

ನಮ್ಮ ಮನೆಯ ಹಿಂದೆ ಒಂದು ಒಣ ಹಳ್ಳವಿದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಹೆಚ್ಚಾದ ನೀರು ಕೆಳಗಿನ ಕೆರೆಗೆ ಹೋಗಲು ಇರುವ ದಾರಿ ಅದು. ಆ ಹಳ್ಳಕ್ಕೆ ಎರಡಡಿಯ ಪೈಪು ಹೂತು, ಮೇಲೆ ಕಲ್ಲುಚಪ್ಪಡಿ ಮುಚ್ಚಿ, ಕಾರು ನಿಲ್ಲಿಸುವ ಜಾಗ ಮಾಡಿಕೊಳ್ಳಬೇಕೆಂಬುದು ಸಂಘದ ಬಯಕೆ. ಅದಕ್ಕೆ ದಂಡೆಯ ಮನೆಯವರ ಒಪ್ಪಿಗೆ ಬೇಕಿತ್ತು. ದಂಡೆಯ ಮನೆ ನನ್ನದು.

ನಾನು ಬರೆದುಕೊಟ್ಟೆ. ‘ಹನ್ನೊಂದು ವರ್ಷಗಳಿಂದ ಇದರ ದಂಡೆಯಲ್ಲಿ ವಾಸಿಸುತ್ತಿರುವ ನಾನು ಇಲ್ಲಿ ಒಮ್ಮೆಯೂ ನೀರು ಹರಿದುದನ್ನು ಕಂಡಿಲ್ಲ. ಆದ್ದರಿಂದ ಇದು ಹಳ್ಳವಲ್ಲ, ಬಳಕೆಯಲ್ಲಿಲ್ಲದ ತಗ್ಗು.’ ರಸ್ತೆಗಳು ಮಳೆನೀರಿನಲ್ಲಿ ಮುಳುಗಿ ಬೆಳ್ಳಂದೂರಿನ ಕಡೆಯವರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದ ವರ್ಷವೂ ನಮ್ಮ ಹಳ್ಳ ಒಣಗಿಯೇ ಇತ್ತೆಂಬುದನ್ನು ಸೇರಿಸಲು ಮರೆಯಲಿಲ್ಲ. ಎರಡು ಬಾರಿ ಓದಿ, ಒಂದು ಅಲ್ಪವಿರಾಮ ತಿದ್ದಿ, ಸಹಿ ಮಾಡಿದೆ. ಅಚ್ಚುಕಟ್ಟಾದ ಪತ್ರ. ಆ ತೃಪ್ತಿಯಲ್ಲೇ ವಿಮಾನ ಹತ್ತಿದೆ.

ಮಸ್ಕತ್: ತಲೆಕೆಳಗಾದ ಬೆಟ್ಟಗಳು

ನಿಲ್ದಾಣಕ್ಕೆ ಭಾರತಿಯ ಜೊತೆ ಖಲ್ಫಾನ್ ಬಂದಿದ್ದರು. ಅವಳ ನೆರೆಮನೆಯವರು, ಅರವತ್ತು ದಾಟಿದ ಒಮಾನಿ. ಕಲ್ಲುಗಳ ವಿಜ್ಞಾನಿಗಳು ದೂರದೂರುಗಳಿಂದ ಬಂದಾಗ ಅವರ ಜೀಪು ಓಡಿಸುತ್ತ, ಅವರು ಒಡೆದ ಕಲ್ಲುಗಳ ಚೀಲ ಹೊರುತ್ತ ಮೂವತ್ತು ವರ್ಷ ಕಳೆದವರು. ಬಾಲ್ಯದಲ್ಲಿ ಮುಂಬಯಿಯ ವ್ಯಾಪಾರಿಗಳಿಂದ ಕಲಿತ ಹಿಂದಿ ಅವರದು. ಅದರಲ್ಲಿ ಲಿಂಗ, ವಚನಗಳ ಗಡಿ ಇರಲಿಲ್ಲ. ನನ್ನ ಹಿಂದಿಯೂ ಅಷ್ಟಕ್ಕಷ್ಟೆ. ಆದುದರಿಂದ ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಕೊಡುತ್ತಿದ್ದೇನೆ.

ಪಟ್ಟಣದ ಸುತ್ತ ಬೋಳುಬೋಳಾದ ಕಂದು ಬೆಟ್ಟಗಳು. ಒಂದು ಹುಲ್ಲೆಸಳಿಲ್ಲ. ಸುಟ್ಟ ಬಾಣಲೆಗಳನ್ನು ಬೋರಲು ಹಾಕಿದಂತೆ ಕಾಣುತ್ತಿದ್ದವು. ಖಲ್ಫಾನ್ ಕಾರನ್ನು ಬದಿಗೆ ನಿಲ್ಲಿಸಿ, ರಸ್ತೆಯಂಚಿನಿಂದ ಒಂದು ಕಲ್ಲನ್ನು ಆರಿಸಿ, ಇನ್ನೊಂದರಿಂದ ಕುಟ್ಟಿ ಒಡೆದರು. ಹೊರಗೆ ತುಕ್ಕಿನ ಬಣ್ಣ. ಒಳಗೆ ಹಾವಿನ ಹೊಟ್ಟೆಯಂಥ ನುಣುಪು ಹಸಿರು.

“ಈ ಬೆಟ್ಟ ಮೇಲಿನದಲ್ಲ ಟೀಚರ್, ಕೆಳಗಿನದು. ಸಮುದ್ರ, ಸಮುದ್ರದ ತಳ, ಆ ತಳಕ್ಕೂ ಕೆಳಗಿನ ಭೂಮಿಯ ಹೊಟ್ಟೆ. ಅದು ಎದ್ದು ಬಂದು ಇಲ್ಲಿ ಕೂತಿದೆ.”

“ಯಾರು ಹೇಳಿದರು?”

“ಚೀಲ ಹೊರಿಸಿದವರು.”

ಸಾಕ್ಷ್ಯವಿಲ್ಲದೆ ಒಪ್ಪುವ ಅಭ್ಯಾಸ ನನಗಿಲ್ಲ. ಭಾರತಿ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು: ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದಿನ ಸಮುದ್ರತಳ, ಅದರಡಿಯ ಪದರದ ಸಮೇತ ನೆಲದ ಮೇಲೇರಿ ಬಂದಿದೆ. ನಾನು ಆ ಕಲ್ಲನ್ನು ಕೈಚೀಲಕ್ಕೆ ಹಾಕಿಕೊಂಡೆ. ಖಲ್ಫಾನ್ ಅದನ್ನು ನನ್ನ ಚೀಲದಿಂದ ಹೊರಗೆ ತೆಗೆದು, ಮೊದಲು ಇದ್ದ ಜಾಗದಲ್ಲೇ ಇಟ್ಟರು.

“ನೀವು ಒಂದು ಒಯ್ಯುತ್ತೀರಿ, ನಿಮ್ಮ ತಂಗಿ ಒಂದು ಒಯ್ಯುತ್ತಾಳೆ. ಬೆಟ್ಟಕ್ಕೆ ನಾನು ಏನು ಹೇಳಲಿ?”

ಮಕ್ಕಳ ಜೇಬಿನಿಂದ ಸೀಮೆಸುಣ್ಣದ ತುಂಡು ಹೊರತೆಗೆಸುತ್ತಿದ್ದ ನಾನು ಖಾಲಿ ಕೈಚೀಲ ಮುಚ್ಚಿಕೊಂಡು ಕಾರು ಹತ್ತಿದೆ.

ಬಿರ್ಕತ್ ಅಲ್ ಮೌಜ್: ನೆರಳಿನ ಸರದಿ

ನಿಜ್ವಾದ ಹತ್ತಿರದ ಈ ಊರಿನಲ್ಲಿ ಬೆಟ್ಟದ ಬುಡದ ನೀರನ್ನು ಸಣ್ಣ ಕಾಲುವೆಯಲ್ಲಿ ಖರ್ಜೂರದ ತೋಟಗಳಿಗೆ ತರುತ್ತಾರೆ. ಕಾಲುವೆಗೆ ಅವರು ಫಲಜ್ ಎನ್ನುತ್ತಾರೆ. ನೀರು ಹಂಚುವುದಕ್ಕೆ ಊರವರು ಒಪ್ಪಿದ ಒಬ್ಬ ಹಿರಿಯನಿದ್ದಾನೆ. ನಮ್ಮ ಕೆರೆಗಳ ನೀರುಗಂಟಿಯ ಹಾಗೆ. ಸಮತಟ್ಟಾದ ನೆಲದಲ್ಲಿ ಒಂದು ಕೋಲು ನೆಟ್ಟು, ಅದರ ನೆರಳು ಸರಿಯುವ ಕಡೆ ಸಾಲಾಗಿ ಕಲ್ಲು ಹುಗಿದಿದ್ದರು. ನೆರಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋದರೆ ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರು.

ಹಿರಿಯನ ಮಣಿಕಟ್ಟಿನಲ್ಲಿ ಫಳಫಳಿಸುವ ಗಡಿಯಾರವಿತ್ತು. ಹಾಗಿದ್ದೂ ಆತ ನೆರಳನ್ನೇ ನೋಡುತ್ತಿದ್ದ. ಏಕೆಂದು ಖಲ್ಫಾನ್ ಮೂಲಕ ಕೇಳಿಸಿದೆ.

“ಗಡಿಯಾರ ಕೊಟ್ಟದ್ದು ನನ್ನ ಅಳಿಯ,” ಎಂದ ಹಿರಿಯ. “ಅವನ ತೋಟವೂ ಇದೇ ನೀರಿನ ಸಾಲಿನಲ್ಲಿದೆ. ಇದನ್ನು ನೋಡಿ ನೀರು ಬಿಟ್ಟರೆ ಯಾರಾದರೂ ನಂಬುತ್ತಾರೆಯೇ?”

ಭಾರತಿ ಜೋರಾಗಿ ನಕ್ಕಳು. ನನಗೆ ಮಂಜುನಾಥನ ನೆನಪಾಯಿತು. ಅವನ ತಾತ ನಮ್ಮ ಮೇಲಿನ ಕೆರೆಯ ಕೊನೆಯ ನೀರುಗಂಟಿ. ಶಾಲೆಯಲ್ಲಿ ಪ್ರಬಂಧ ಬರೆಯಲು ಹೇಳಿದಾಗ ಅವನು ಅದನ್ನೇ ಬರೆದಿದ್ದ. ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆಯುವ ಭರದಲ್ಲಿ ನಾನು ಆ ಪ್ರಬಂಧದಲ್ಲಿ ಏನಿದೆ ಎಂಬುದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ವಾದಿ ಮಿಸ್ತಲ್: ಮರುಭೂಮಿಯ ಹಿಮ

ಮಳೆ ಬಂದಾಗ ಮಾತ್ರ ಹರಿಯುವ ನದಿಗೆ ಅಲ್ಲಿ ವಾದಿ ಎಂದು ಹೆಸರು. ನೀರಿಲ್ಲದಾಗಲೂ ಅದೇ ಹೆಸರು. ನಾವು ಹೋದ ದಿನ ವಾದಿ ಮಿಸ್ತಲಿನಲ್ಲಿ ಇದ್ದದ್ದು ಬೆಣಚುಕಲ್ಲು, ಮುಳ್ಳುಮರ, ಮೇಕೆ. ಎರಡೂ ಕಡೆ ಎದ್ದ ಗೋಡೆಗಳು ಎಷ್ಟು ಎತ್ತರವೆಂದರೆ, ಮೇಲೆ ನೋಡಲು ಹೋಗಿ ನನ್ನ ಕನ್ನಡಕ ಬಿದ್ದು ಒಂದು ಕಡ್ಡಿ ಮುರಿಯಿತು. ಉಳಿದ ಪ್ರವಾಸವನ್ನು ಭಾರತಿಯ ತಲೆಪಿನ್ನು ಸಿಕ್ಕಿಸಿಕೊಂಡು ಮುಗಿಸಿದೆ.

ಕಣಿವೆ ಮೇಲೆ ಹೋಗಿ ದೊಡ್ಡ ಬೋಗುಣಿಯಂತೆ ತೆರೆದುಕೊಳ್ಳುವಲ್ಲಿ ಖಲ್ಫಾನ್ ನಮ್ಮನ್ನು ಒಂದು ಕಪ್ಪು ಬಂಡೆಯ ಎದುರು ನಿಲ್ಲಿಸಿದರು. ಬೆಲ್ಲದ ಪಾಕದಲ್ಲಿ ಕಡಲೆಬೀಜ ಸುರಿದು, ನಡುವೆ ಇಡೀ ಕೊಬ್ಬರಿ ಬಟ್ಟಲೊಂದನ್ನೂ ಬೀಳಿಸಿ ಆರಲು ಬಿಟ್ಟಂತಿತ್ತು ಅದು. ಗೋಲಿಯಷ್ಟು ಕಲ್ಲು, ಅದರ ಪಕ್ಕ ಒರಳಿನಷ್ಟು ಕಲ್ಲು; ಒಂದು ಬಿಳಿ, ಒಂದು ಗುಲಾಬಿ; ಒಂದರ ಜಾತಿ ಇನ್ನೊಂದರದಲ್ಲ.

“ಇದನ್ನು ಇಲ್ಲಿ ಹಾಕಿದವರು ಯಾರು?” ಎಂದು ಖಲ್ಫಾನ್ ನನ್ನನ್ನೇ ಪ್ರಶ್ನಿಸಿದರು.

“ನೀರು.”

“ತಪ್ಪು. ನೀರು ಆರಿಸುತ್ತದೆ. ದೊಡ್ಡದನ್ನು ಮೊದಲು ಬಿಡುತ್ತದೆ, ಸಣ್ಣದನ್ನು ಮುಂದೆ ಒಯ್ಯುತ್ತದೆ. ಇಲ್ಲಿ ಎಲ್ಲ ಒಟ್ಟಿಗೆ ಬಿದ್ದಿದೆ. ಇದು ಹಿಮದ ಕೆಲಸ.”

ಏಪ್ರಿಲ್ ತಿಂಗಳ ಆ ಬಿಸಿಲಿನಲ್ಲಿ ಹಿಮ ಎಂಬ ಮಾತನ್ನು ನಂಬುವುದು ಸುಲಭವಿರಲಿಲ್ಲ. ಎಪ್ಪತ್ತು ಕೋಟಿ ವರ್ಷಗಳ ಹಿಂದೆ ಭೂಮಿಯ ಬಹುಭಾಗವನ್ನು ಹಿಮ ಆವರಿಸಿತ್ತೆಂದೂ, ಸಮಭಾಜಕದ ಹತ್ತಿರದ ನಾಡುಗಳೂ ತಪ್ಪಿಸಿಕೊಂಡಿರಲಿಲ್ಲವೆಂದೂ, ಆ ಕಾಲದ ಹಿಮ ಹೊತ್ತು ತಂದು ಕೆಡವಿದ ಕಲ್ಲುಗಳು ಇವೆಂದೂ ಅವರು ವಿವರಿಸಿದರು. ಆ ವಿಜ್ಞಾನಿಗಳು ಇಷ್ಟು ಆಳ ಅಗೆದರೇ ಎಂದು ಕೇಳಿದೆ.

“ಅವರು ಅಗೆಯುವುದೇ ಇಲ್ಲ ಟೀಚರ್. ಬಂದವರೆಲ್ಲ ಮೊದಲು ಕೇಳುವುದು, ವಾದಿ ಎಲ್ಲಿದೆ ಎಂದು. ಅದು ಹತ್ತು ವರ್ಷಕ್ಕೊಮ್ಮೆ ಬಂದರೂ ಸಾಕು, ಬಂದ ಸಲವೆಲ್ಲ ಒಂದು ಹಿಡಿ ಕೊರೆಯುತ್ತದೆ. ಬೆಟ್ಟವನ್ನು ತೆರೆದು ತೋರಿಸಿದ್ದು ಅದು.” ಆಮೇಲೆ ಕೇಳಿದರು: “ನಿಮ್ಮೂರಿನ ಕಲ್ಲಿಗೆ ಎಷ್ಟು ವಯಸ್ಸು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದು ನನಗೆ ಎಷ್ಟು ಕಷ್ಟವೆಂಬುದನ್ನು ನನ್ನ ವಿದ್ಯಾರ್ಥಿಗಳು ಬಲ್ಲರು. ಭಾರತಿಯ ಮೊಬೈಲು ಮತ್ತೆ ನೆರವಿಗೆ ಬಂತು. ಬೆಂಗಳೂರಿನ ಅಡಿಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಖಲ್ಫಾನ್ ಎದೆಯ ಮೇಲೆ ಕೈಯಿಟ್ಟು ನನ್ನತ್ತ ಬಾಗಿದರು.

“ನಿಮ್ಮದರ ಮುಂದೆ ನಮ್ಮದು ಎಳೆಗೂಸು. ಅಂಥ ಕಲ್ಲನ್ನು ನೀವು ಏನು ಮಾಡುತ್ತೀರಿ?”

“ಜಲ್ಲಿ,” ಎಂದಳು ಭಾರತಿ.

ಅದೇ ಮಧ್ಯಾಹ್ನ: ಚಿತ್ರಾನ್ನ

ಊಟಕ್ಕೆಂದು ಕೆಳಗಿಳಿದು ಬಂದಾಗ ಖಲ್ಫಾನ್ ಕಾರನ್ನು ದಂಡೆಯ ಮೇಲೆ, ಬಿಸಿಲಿನಲ್ಲಿ ನಿಲ್ಲಿಸಿದರು. ನದಿಯ ನಡುವೆ ಸೊಗಸಾದ ನೆರಳಿನ ಮರವೊಂದಿತ್ತು. ನಾನು ಜಮಖಾನವನ್ನೂ ನಾಲ್ಕಂತಸ್ತಿನ ಕ್ಯಾರಿಯರನ್ನೂ ಎತ್ತಿಕೊಂಡು ಅಲ್ಲಿಗೆ ನಡೆದೆ.

“ಅಲ್ಲಿ ಬೇಡ ಟೀಚರ್. ಮೇಲೆ ಬನ್ನಿ.”

“ಒಂದು ಮೋಡವಾದರೂ ಇದೆಯೇ?”

“ಇಲ್ಲಿ ಇಲ್ಲ.” ಅವರು ಬೆಟ್ಟದ ಹಿಂಬದಿಯತ್ತ ಗಲ್ಲ ಎತ್ತಿ ತೋರಿಸಿದರು. “ಅದರ ಆಚೆ ಏನಿದೆಯೋ ನಮಗೆ ಕಾಣುವುದಿಲ್ಲ.”

ಕಾಣದ ಮೋಡಕ್ಕೆ ಹೆದರುವುದು ಮೂಢನಂಬಿಕೆ ಎಂದು ನಾನು ಅವರಿಗೆ ಸಣ್ಣ ಪಾಠವೊಂದನ್ನು ಮಾಡಿದೆ. ಅವರು ದಂಡೆಯಲ್ಲೇ ಕುಳಿತು ಖರ್ಜೂರ ತಿನ್ನತೊಡಗಿದರು. ನಾನು ಜಮಖಾನದ ನಾಲ್ಕು ಮೂಲೆಗೂ ಒಂದೊಂದು ಕಲ್ಲಿಟ್ಟು ಹಾಸಿದೆ. ಭಾರತಿ ಎರಡು ಮನಸ್ಸಿನಿಂದ ಬಂದು ಕುಳಿತಳು.

ಎರಡನೆಯ ಸಲ ಚಿತ್ರಾನ್ನ ಬಡಿಸಿಕೊಳ್ಳುವಾಗ ಮೇಕೆಗಳು ಒಂದರ ಹಿಂದೆ ಒಂದು ದಂಡೆ ಹತ್ತುತ್ತಿರುವುದನ್ನು ನೋಡಿದೆ. ಶಿಸ್ತಿನ ಪ್ರಾಣಿಗಳು ಎಂದು ಮೆಚ್ಚಿಕೊಂಡೆ. ಆಗ ಖಲ್ಫಾನ್ ಎದ್ದುನಿಂತು ಕೂಗಿದರು. ಯಾವ ಭಾಷೆಯಲ್ಲಿ ಕೂಗಿದರೋ ತಿಳಿಯದು, ಅರ್ಥವಾಯಿತು.

“ಅಕ್ಕಾ, ಬಿಡೇ ಅದನ್ನ! ಎದ್ದೇಳು!” ಭಾರತಿ ನನ್ನ ರೆಟ್ಟೆ ಹಿಡಿದೆಳೆದಳು. ನಾನು ಕ್ಯಾರಿಯರಿನ ಮುಚ್ಚಳ ಹುಡುಕುತ್ತಿದ್ದೆ.

ಗೋಡೆಯಂಥ ಅಲೆಯೇನೂ ಬರಲಿಲ್ಲ. ತಿರುವಿನಿಂದ ಕಂದು ನೊರೆಯ ಒಂದು ನಾಲಗೆ ಹೊರಬಂತು. ಕಡ್ಡಿ, ಒಣಗಿದ ಹಿಕ್ಕೆ, ಒಂದು ಪ್ಲಾಸ್ಟಿಕ್ ಬಾಟಲಿ, ಎಲ್ಲವನ್ನೂ ಮುಂದೆ ತಳ್ಳಿಕೊಂಡು, ಕಲ್ಲುಗಳ ನಡುವೆ ತಡಕಾಡುತ್ತ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸದ್ದು. ನಾವು ದಂಡೆ ಹತ್ತಿ ತಿರುಗಿದಾಗ ಜಮಖಾನ ಇರಲಿಲ್ಲ. ಕ್ಯಾರಿಯರು ಒಮ್ಮೆ ಮೇಲೆದ್ದು ಹೊಳೆದು ಮುಳುಗಿತು. ಮರದ ಸೊಂಟದವರೆಗೆ ನೀರು. ನನ್ನ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಖಲ್ಫಾನ್ ನನ್ನನ್ನು ಬೈಯಲಿಲ್ಲ. ಖರ್ಜೂರದ ಡಬ್ಬಿಯನ್ನು ನನ್ನ ಕಡೆ ಚಾಚಿ, “ವಾದಿ ಬಂತು,” ಎಂದರು. ನಮ್ಮ ಕಡೆಯ ಹಿರಿಯರು ‘ಹೊಳೆ ಬಂತು’ ಎನ್ನುತ್ತಾರಲ್ಲ, ಅದೇ ದನಿಯಲ್ಲಿ.

ದಾಟುವ ಜಾಗ

ಹಿಂದಿರುಗುವ ರಸ್ತೆ ಅದೇ ನದಿಯನ್ನು ದಾಟಿ ಹೋಗಬೇಕು. ಅಲ್ಲಿ ಸೇತುವೆಯಿಲ್ಲ. ರಸ್ತೆಯೇ ನದಿಯೊಳಗೆ ಇಳಿದು ಆಚೆ ಏರುತ್ತದೆ. ಪಕ್ಕದಲ್ಲಿ ಕೆಂಪು-ಬಿಳಿ ಪಟ್ಟೆಗಳ ಕಂಬಗಳು. ಮೇಲಿನ ಕೆಂಪಿಗೆ ನೀರು ಬಂದರೆ ಯಾರೂ ದಾಟುವಂತಿಲ್ಲ. ಬೆಳಿಗ್ಗೆ ಆ ಕಂಬಗಳನ್ನು ನೋಡಿ, ಒಣ ನೆಲಕ್ಕೆ ಇಷ್ಟು ಬಣ್ಣ ದಂಡವೆಂದು ನಾನೇ ಅಂದಿದ್ದೆ.

ಹತ್ತಾರು ಕಾರುಗಳು ನಿಂತಿದ್ದವು. ಬೆಳ್ಳಂದೂರಿನ ವೃತ್ತದಲ್ಲಿ ಅಷ್ಟು ಕಾರುಗಳು ನಿಂತಿದ್ದರೆ ಹಾರನ್ನಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಇಲ್ಲಿ ಎಲ್ಲರೂ ಎಂಜಿನ್ ಆರಿಸಿ, ಚಾಪೆ ಹಾಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಮದುವೆಮನೆಗೆ ಬಂದವರಂತೆ ಕುಳಿತಿದ್ದರು. ದೊಡ್ಡ ಗಾಡಿಯ ಒಬ್ಬ ತರುಣ ದಾಟಲು ಮುಂದೆ ಬಂದಾಗ, ಮೂವರು ಹಿರಿಯರು ಕಾಫಿಯ ಬಟ್ಟಲುಗಳ ಸಮೇತ ಎದ್ದು ಹೋಗಿ ಅವನ ಗಾಡಿಯ ಮುಂದೆ ಸುಮ್ಮನೆ ನಿಂತರು. ಅವನು ಹಿಂದಕ್ಕೆ ತೆಗೆದ. ಅವನಿಗೂ ಒಂದು ಬಟ್ಟಲು ಕೊಟ್ಟರು. ಒಂಟಿ ಚಪ್ಪಲಿಯ ನನಗೂ ಒಂದು ಸಿಕ್ಕಿತು.

“ಎಷ್ಟು ದಿನಕ್ಕೊಮ್ಮೆ ಬರುತ್ತದೆ?” ಎಂದು ಖಲ್ಫಾನರನ್ನು ಕೇಳಿದೆ.

“ಅದಕ್ಕೆ ವೇಳಾಪಟ್ಟಿ ಇಲ್ಲ. ನಮ್ಮೂರಿನದು, ನನ್ನ ಮಗಳು ಹುಟ್ಟಿ ಶಾಲೆಗೆ ಸೇರುವವರೆಗೂ ಬರಲಿಲ್ಲ.”

“ಅಷ್ಟು ವರ್ಷ ಒಣಗಿದ್ದ ಜಾಗದಲ್ಲಿ ಯಾರೂ ಏನೂ ಕಟ್ಟಲಿಲ್ಲವೇ?”

ಅವರು ನನ್ನನ್ನು ಅನುಮಾನದಿಂದ ನೋಡಿದರು. “ಮನೆಯ ಯಜಮಾನ ಊರಿಗೆ ಹೋಗಿದ್ದಾನೆ ಎಂದು ನೀವು ಅವನ ಬಾಗಿಲಿಗೆ ಇಟ್ಟಿಗೆ ಇಡುತ್ತೀರಾ?”

ನಾನು ಇಟ್ಟಿಗೆಯನ್ನು ಇಟ್ಟೇ ಬಂದಿದ್ದೆ. ನನ್ನ ಕೈಬರಹದಲ್ಲಿ, ಸಹಿ ಸಮೇತ. ನನ್ನ ಮನೆ ಎತ್ತರದಲ್ಲಿದೆ; ನನಗೆ ಏನೂ ಆಗದು. ಹಳ್ಳದ ಕೆಳಗಡೆ, ದಂಡೆಗೆ ಅಂಟಿಕೊಂಡು, ಮಂಜುನಾಥನೇ ಕಟ್ಟಿಸಿದ ಶೀಟಿನ ಮನೆಗಳ ಒಂದು ಸಾಲಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಬಾಡಿಗೆಗಿದ್ದಾರೆ. ಎರಡಡಿಯ ಪೈಪಿನಲ್ಲಿ ಹಿಡಿಸದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಹನ್ನೊಂದು ವರ್ಷ ನಾನು ಕಂಡಿಲ್ಲ ಎಂಬುದು ಸತ್ಯ. ಅದರಿಂದ ನಾನು ತೆಗೆದ ತೀರ್ಮಾನ ಸುಳ್ಳು. ಮುನ್ನೂರು ಕೋಟಿ ವರ್ಷದ ಬಂಡೆಯ ಮೇಲೆ ಕುಳಿತು ಹನ್ನೊಂದರ ಲೆಕ್ಕ ಒಪ್ಪಿಸಿದ್ದೆ.

ನೀರು ಬಿಳಿ ಪಟ್ಟೆಗೆ ಇಳಿದಾಗ ಸಂಜೆಯಾಗಿತ್ತು.

ನಿಜ್ವಾ: ದೂರವಾಣಿ

ಮರುದಿನ ಬೆಳಿಗ್ಗೆ ಮಂಜುನಾಥನಿಗೆ ಕರೆ ಮಾಡಿ ಪತ್ರವನ್ನು ತಡೆಹಿಡಿಯಲು ಹೇಳಿದೆ.

“ಅಯ್ಯೋ ಮಿಸ್, ಆಗ್ಲೇ ಕೊಟ್ಟಾಯ್ತಲ್ಲ! ಸಾಹೇಬ್ರು ಓದ್ಬಿಟ್ಟು, ‘ಯಾರ್ರೀ ಬರ್ದಿದ್ದು, ಒಂದ್ ತಪ್ಪಿಲ್ವಲ್ಲ’ ಅಂದ್ರು. ನಮ್ ಮಿಸ್ಸು ಅಂದೆ, ಸಕ್ಕತ್ ಖುಷಿ ಆಯ್ತು.”

“ತಪ್ಪಿದೆ ಮಂಜುನಾಥ. ಅದು ಹಳ್ಳವೇ. ನಾನು ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ.”

“ಬಿಸ್ಲು ಜಾಸ್ತಿನಾ ಮಿಸ್ ಅಲ್ಲಿ?”

“ನೀರು ಜಾಸ್ತಿ,” ಎಂದು ಫೋನು ಇಟ್ಟೆ.

ಭಾರತಿ ಚಹಾ ಕೊಡುತ್ತ ಎಚ್ಚರಿಸಿದಳು: “ಅಕ್ಕ, ಇಡೀ ಬಡಾವಣೆನ ಎದುರು ಹಾಕ್ಕೋತಿದ್ದೀಯ. ನಾಳೆ ಹಾಲಿನವನೂ ಮಾತಾಡ್ಸಲ್ಲ ನಿನ್ನ.”

“ಮಾತಾಡಿಸದಿರಲಿ,” ಎಂದೆ. “ಹಾಲು ಕೊಟ್ಟರೆ ಸಾಕು.”

ಸರ್ಜಾಪುರ

ಊರಿಗೆ ಬಂದ ಮರುದಿನವೇ ಎರಡನೆಯ ಪತ್ರ ಬರೆದು ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಸಂಘದ ವಾಟ್ಸಪ್ ಗುಂಪಿನಲ್ಲಿ ನನಗೆ ಅರಳುಮರಳು ಎಂದು ಯಾರೋ ಬರೆದರು. ಪದ ಸರಿಯಾಗಿತ್ತು, ವಯಸ್ಸು ತಪ್ಪಾಗಿತ್ತು. ಐವತ್ನಾಲ್ಕಕ್ಕೆ ಅರಳುಮರಳು ಬರುವುದಿಲ್ಲವೆಂದು ಉತ್ತರಿಸಿದೆ. ಕಾರು ನಿಲ್ಲಿಸಲು ಜಾಗವಿಲ್ಲದವರು ನನ್ನ ಗೇಟಿನೆದುರೇ ನಿಲ್ಲಿಸತೊಡಗಿದರು. ನಾನು ಪಕ್ಕದ ಸಂದಿಯಿಂದ ಓಡಾಡಿದೆ.

ಸ್ಥಳ ನೋಡಲು ಅಧಿಕಾರಿ ಬಂದ ದಿನ ಬಡಾವಣೆಯವರೆಲ್ಲ ಹಳ್ಳದ ದಂಡೆಯಲ್ಲಿದ್ದರು. ಅಧಿಕಾರಿ ಎರಡು ಹಾಳೆಗಳನ್ನು ಎತ್ತಿ ಹಿಡಿದರು. “ಮೇಡಂ, ಇದೂ ನಿಮ್ದೇ, ಇದೂ ನಿಮ್ದೇ. ಯಾವ್ದನ್ನ ನಂಬ್ಲಿ?”

“ಎರಡನೆಯದನ್ನು. ಮೊದಲನೆಯದರಲ್ಲಿ ನಾನು ಸುಳ್ಳು ಹೇಳಿದ್ದೇನೆ. ತಿಳಿಯದೆ ಹೇಳಿದ್ದು ನಿಜ, ಆದರೂ ಸುಳ್ಳೇ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಮಂಜುನಾಥ ಕೆಂಪಗಾದ. “ಮಿಸ್, ನೀವೇ ಕಂಡಿಲ್ಲ ಅಂದಿದ್ದು! ಇಲ್ಲಿ ನೀರ್ ಹರಿದಿದ್ದನ್ನ ಕಂಡೋರ್ ಒಬ್ರನ್ನ ತೋರ್ಸಿ ನೋಡೋಣ!”

“ನಾನ್ ಕಂಡಿವ್ನಿ ಕಣ್ಲಾ,” ಎಂಬ ದನಿ ಅವನ ಬೆನ್ನ ಹಿಂದಿನಿಂದಲೇ ಬಂತು. ಅವನ ತಾಯಿ ಮುನಿಯಮ್ಮ; ಎಲೆಯಡಿಕೆ ಜಗಿಯುತ್ತ ನಿಂತಿದ್ದರು. “ಕೋಡಿ ಬಿದ್ದಾಗ ನಿಮ್ ತಾತ ಇದೇ ಬಂಡೆ ಮ್ಯಾಲೆ ನಿಂತ್ಕೊಂಡು ಕೆಳಗ್ನೂರ್ಗೆ ಕೂಗಾಕ್ತಿದ್ದಿದ್ದು. ಇಂಗೆ ಅರೀತಿತ್ತು. ನೀನ್ ಆಗ ಉಟ್ಟಿರ್ಲಿಲ್ಲ.”

“ಅಮ್ಮಾ, ನೀನ್ ಸುಮ್ನಿರು!”

“ಯಾಕ್ ಸುಮ್ನಿರ್ಲಿ? ನಿನ್ ಶೀಟ್ ಮನೆ ತೇಲ್ಕೊಂಡ್ ಓದ್ರೆ ನೀನ್ ಈಜ್ತೀಯಾ?”

ಅಧಿಕಾರಿ ಏನನ್ನೋ ಬರೆದುಕೊಂಡು, ಹಳೆಯ ನಕ್ಷೆ ತರಿಸಿ ನೋಡಿ ತೀರ್ಮಾನಿಸುವುದಾಗಿ ಹೇಳಿ ಹೋದರು. ತೀರ್ಮಾನ ಇನ್ನೂ ಬಂದಿಲ್ಲ. ಸಂಘವೂ ತನ್ನ ಅರ್ಜಿಯನ್ನು ಹಿಂತೆಗೆದುಕೊಂಡಿಲ್ಲ.

ಆ ವಾರ ನಾನು ಒಂದು ಸರ್ವೆ ಮರದ ಕಂಬ ತಂದು, ಅಳತೆಪಟ್ಟಿ ಹಿಡಿದು ಕೆಂಪು-ಬಿಳಿ ಪಟ್ಟೆ ಬಳಿದು, ಹಳ್ಳದ ನಡುವೆ ನೆಟ್ಟೆ. ಮೂರನೆಯ ದಿನ ಅದು ಕಿತ್ತು ಬಿದ್ದಿತ್ತು. ಸಿಮೆಂಟು ಹಾಕಿ ಮತ್ತೆ ನೆಟ್ಟೆ. ಅದನ್ನೂ ಯಾರೋ ಮುರಿದರು. ಮತ್ತೊಂದು ತಂದೆ. ಈ ಸಲ ಶೀಟಿನ ಮನೆಯ ಇಬ್ಬರು ಹೆಂಗಸರು ಕೆಲಸಕ್ಕೆ ಹೊರಡುವ ಮೊದಲು ಬಂದು, ನಾನು ಗುಂಡಿಗೆ ಕಾಂಕ್ರೀಟು ತುಂಬುವಾಗ ಕಂಬವನ್ನು ನೆಟ್ಟಗೆ ಹಿಡಿದುಕೊಂಡರು.

ಕಳೆದ ಭಾನುವಾರ ಮಂಜುನಾಥ ಬಂದ. ಕೈಯಲ್ಲಿ ಹಾರೆ ಇತ್ತು. ನಾನು ಕಂಬದ ಪಕ್ಕ ಹೋಗಿ ನಿಂತೆ. ಅವನು ನನ್ನನ್ನು ನೋಡಲಿಲ್ಲ, ಕಂಬವನ್ನು ನೋಡಿದ.

“ಅಮ್ಮ ನಿನ್ನೆ ನೋಡಕ್ ಬಂದಿತ್ತು ಮಿಸ್. ಅಳತೆ ತಪ್ಪಿದೆ ಅಂತೆ.”

“ನನ್ನ ಅಳತೆಯೇ?”

“ಕಂಬ ಗಿಡ್ಡ ಅಂತೆ. ನೀರು ಇಲ್ಲೀವರ್ಗೂ ಬರ್ತಿತ್ತಂತೆ.” ಅವನು ಕಂಬದ ತುದಿಗಿಂತ ಒಂದು ಗೇಣು ಮೇಲೆ, ಗಾಳಿಯಲ್ಲಿ ಅಂಗೈ ಹಿಡಿದು ತೋರಿಸಿದ. ಆಮೇಲೆ ಗುಂಡಿ ದೊಡ್ಡದು ಮಾಡಲು ಹಾರೆಯನ್ನು ನೆಲಕ್ಕೆ ಹಾಕಿದ.

ಹೊಸ ಕಂಬ ಎಂಟಡಿಯದು. ನನ್ನ ಹಳ್ಳ ಈ ಹೊತ್ತಿಗೂ ಒಣಗಿಯೇ ಇದೆ. ಆ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ.